ದೊಡ್ಡಮ್ಮನಿಗೆ ತಂದ ಸ್ಪೇಸರ್: ಆರು ತಿಂಗಳು ಬಳಸಿದ ಮೇಲೆ

ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆ ವರ್ಷ ಓದುತ್ತಿದ್ದೇನೆ. ಸ್ಪೇಸರ್ ಅಂದ್ರೆ ಇನ್ಹೇಲರ್ ಮತ್ತು ಬಾಯಿಯ ನಡುವೆ ಇಟ್ಟುಕೊಳ್ಳುವ ಪ್ಲಾಸ್ಟಿಕ್ ಡಬ್ಬಿ. ವಾಲ್ವ್ ಇರುವಂಥದ್ದೇ ಕೇಳಿ ತಂದೆ. ನನಗೆ ಬಿದ್ದದ್ದು 350 ರೂಪಾಯಿ.

ದೊಡ್ಡಮ್ಮನ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಹೊಗೆ, ಭತ್ತದ ಹೊಟ್ಟಿನ ಧೂಳು ಯಾವಾಗಲೂ ಇದ್ದದ್ದೇ. ಅವರಿಗೆ ಬಹಳ ವರ್ಷದಿಂದ ದಮ್ಮು. ಮನೆಯಲ್ಲಿ ಎರಡು ಇನ್ಹೇಲರ್ ಇದ್ದವು. ನೀಲಿಯದು ಸಾಲ್ಬುಟಮಾಲ್. ಇನ್ನೊಂದು ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್ ಮತ್ತು ಉಸಿರುನಾಳ ಹಿಗ್ಗಿಸುವ ಫಾರ್ಮೋಟೆರಾಲ್ ಸೇರಿದ್ದು. ಡಾಕ್ಟರ್ ಚೀಟಿಯಲ್ಲಿ ಮೊದಲನೆಯದಕ್ಕೆ ‘2 ಪಫ್ ಎಸ್‌ಓಎಸ್’, ಎರಡನೆಯದಕ್ಕೆ ‘1 ಪಫ್ ಬಿಡಿ’ ಅಂತ ಬರೆದಿತ್ತು. ಸ್ಪೇಸರ್ ಮಾತೇ ಇಲ್ಲ. ಪಫ್ ಅಂದ್ರೆ ಒಂದು ಸಲ ಒತ್ತಿದಾಗ ಬರುವ ಔಷಧಿ, ಎಸ್‌ಓಎಸ್ ಅಂದ್ರೆ ಬೇಕಾದಾಗ ಮಾತ್ರ, ಬಿಡಿ ಅಂದ್ರೆ ದಿನಕ್ಕೆ ಎರಡು ಸಲ ಅಂತ ಅವರಿಗೆ ಯಾರು ಹೇಳಬೇಕಿತ್ತು? ನೀಲಿಯದು ತಕ್ಷಣ ಹಗುರ ಮಾಡುತ್ತೆ ಅಂತ ಅದನ್ನೇ ಹಿಡಿದಿದ್ದರು. ಇನ್ನೊಂದು ಅಲಮಾರಿಯಲ್ಲಿ ಕೂತಿತ್ತು.

‘ಒಂದ್ಸಲ ಹೊಡ್ಕೊಂಡು ತೋರಿಸಿ ದೊಡ್ಡಮ್ಮ’ ಅಂದೆ. ಬಾಯಲ್ಲಿಟ್ಟು ಒತ್ತಿದರು. ತುಟಿಯ ಸಂದಿಯಿಂದ ಬಿಳಿ ಹೊಗೆ ಹೊರಗೆ ಬಂತು. ಒತ್ತಿದ ಮೇಲೆ ಉಸಿರು ಎಳೆದರು, ಅಷ್ಟರಲ್ಲಿ ಔಷಧಿ ಗಾಳಿಗೆ ಹೋಗಿತ್ತು. ‘ದಿನಾ ಎಷ್ಟು ಹೊಡ್ಕಂಡ್ರೂ ಎದೆ ಬಿಡಲ್ಲವ್ವಾ’ ಅಂದರು. ನನಗೆ ಹೊಟ್ಟೆ ಉರಿಯಿತು. ಒಂದು ನೀಲಿ ಇನ್ಹೇಲರ್‌ನಲ್ಲಿ 200 ಪಫ್ ಇರುತ್ತೆ, ಅವರಿಗೆ ತಿಂಗಳೂ ಬರುತ್ತಿರಲಿಲ್ಲ. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ನೀಲಿ ಇನ್ಹೇಲರ್ ಖಾಲಿಯಾದರೆ ಆಸ್ತಮಾ ಹತೋಟಿಯಲ್ಲಿಲ್ಲ ಅಂತ ನಮಗೆ ಪಾಠದಲ್ಲೇ ಹೇಳಿಕೊಟ್ಟಿದ್ದಾರೆ. ನೀಲಿಯದು ಜಾಸ್ತಿಯಾದರೆ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತೆ. ಕೈ ನಡುಗುವುದು ವಯಸ್ಸಿನಿಂದ ಅಂತ ಮನೆಯವರೆಲ್ಲ ತಿಳಿದಿದ್ದರು.

ಸ್ಪೇಸರ್ ತಂದ ದಿನ ಮೊದಲು ತೊಳೆದೆ. ಇದನ್ನು ಎಷ್ಟೋ ಜನ ಮಾಡಲ್ಲ. ಹೊಸ ಪ್ಲಾಸ್ಟಿಕ್‌ನಲ್ಲಿ ಸ್ಥಾಯಿ ವಿದ್ಯುತ್ ಇರುತ್ತೆ, ಔಷಧಿ ಗೋಡೆಗೇ ಅಂಟಿಕೊಳ್ಳುತ್ತೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಹಾಕಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ ಹಾಗೇ ಒಣಗಲು ಬಿಟ್ಟೆ. ಒರೆಸಿದರೆ ಮತ್ತೆ ವಿದ್ಯುತ್ ಹುಟ್ಟುತ್ತೆ. ಬಾಯಿಗೆ ಇಡುವ ತುದಿಯನ್ನು ಮಾತ್ರ ಸೋಪು ಹೋಗುವಂತೆ ಒರೆಸಿದೆ. ಈಗ ತಿಂಗಳಿಗೊಮ್ಮೆ ಇದೇ ಕ್ರಮ.

ಇನ್ಹೇಲರ್ ಅಲುಗಾಡಿಸಿ, ಸಿಕ್ಕಿಸಿ, ಒಂದು ಸಲ ಒತ್ತಿದರೆ ಬಿಳಿ ಮಂಜು ಡಬ್ಬಿಯೊಳಗೆ ತುಂಬುವುದು ಕಣ್ಣಿಗೇ ಕಾಣುತ್ತೆ. ದೊಡ್ಡಮ್ಮ ನಿಧಾನವಾಗಿ ಉಸಿರು ಎಳೆದರು. ವಾಲ್ವ್ ಟಿಕ್ ಅಂತು. ನಾಲ್ಕೈದು ಉಸಿರಿಗೆ ಮಂಜು ಪೂರ್ತಿ ಮಾಯ. ಈಗ ಅವರು ಆ ಟಿಕ್ ಸದ್ದನ್ನು ಎಣಿಸಿಕೊಳ್ಳುತ್ತಾರೆ. ಒತ್ತುವುದು, ಎಳೆಯುವುದು ಒಂದೇ ಗಳಿಗೆಗೆ ಆಗಬೇಕು ಅನ್ನೋ ಕಷ್ಟ ತಪ್ಪಿತಲ್ಲ, ಈ ಡಬ್ಬಿಯ ದೊಡ್ಡ ಗುಣ ಅದೇ. ಎರಡು ಪಫ್ ಬೇಕಿದ್ದರೆ ಒಟ್ಟಿಗೆ ಒತ್ತಬಾರದು, ಒಂದು ಮುಗಿದ ಮೇಲೆ ಮತ್ತೆ ಅಲುಗಾಡಿಸಿ ಇನ್ನೊಂದು. ವಾರ್ಡಿನಲ್ಲೂ ನೋಡಿದ್ದೇನೆ, ಅವಸರದಲ್ಲಿ ನಾಲ್ಕು ಪಫ್ ಒಂದೇ ಸಲ ಹಾಕಿಬಿಡುತ್ತಾರೆ.

ಮುಂದಿನ ತಪಾಸಣೆಗೆ ಎರಡೂ ಇನ್ಹೇಲರ್ ಹಿಡಿದುಕೊಂಡು ನಾನೂ ಹೋದೆ. ಡಾಕ್ಟರ್ ಚೀಟಿ ಬದಲಿಸಿದರು. ನೀಲಿಯದನ್ನು ನಿಲ್ಲಿಸಿ, ದಿನಾ ಎರಡು ಹೊತ್ತಿಗೂ ದಮ್ಮು ಬಂದಾಗಲೂ ಬುಡೆಸೊನೈಡ್–ಫಾರ್ಮೋಟೆರಾಲ್ ಒಂದನ್ನೇ ಬರೆದರು. ದೊಡ್ಡವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಸುಮ್ಮನಿರುವುದು ಬೇಡ ಅಂತ 2019ರಲ್ಲೇ ಆಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಗೀನಾ ಮಾರ್ಗಸೂಚಿ ಹೇಳಿದೆ. ಈ ಸಲ ಒಂದು ಪಫ್‌ನಲ್ಲಿ ಎಷ್ಟು ಮೈಕ್ರೋಗ್ರಾಂ, ದಿನಕ್ಕೆ ಹೆಚ್ಚೆಂದರೆ ಎಷ್ಟು ಪಫ್, ಎಲ್ಲಾ ಬರೆದು, ಕೆಳಗೆ ‘ಸ್ಪೇಸರ್ ಜೊತೆ’ ಅಂತಲೂ ಸೇರಿಸಿದರು. ಕಣ್ಣಿನ ಹನಿ ಏನಾದರೂ ಹಾಕ್ತೀರಾ ಅಂತಲೂ ಕೇಳಿದರು. ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆಗೆ) ಕೊಡುವ ಟಿಮೊಲೊಲ್ ಹನಿ ಕೂಡ ದಮ್ಮು ಕೆರಳಿಸಬಹುದು. ಕಣ್ಣಿಗೆ ಹಾಕಿದ್ದು ಎದೆಗೆ ಮುಟ್ಟುತ್ತೆ ಅಂತ ಮನೆಯಲ್ಲಿ ಯಾರಿಗೂ ಹೊಳೆಯಲ್ಲ, ಅಲ್ವಾ?

ನನ್ನ ಜೂನಿಯರ್‌ಗಳೇ, ಚೀಟಿ ಬರೆಯುವುದು ನಮ್ಮ ಕೆಲಸ ಅಲ್ಲ, ನಿಜ. ಆದರೆ ನಮ್ಮಲ್ಲಿ ಎಷ್ಟೋ ಜನ ಮುಂದೆ ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಆಗಿ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೂರುತ್ತೀವಿ. ಔಷಧಿ ಕೈಗಿಡುವವರು ನಾವೇ. ಒಂದು ಸಲ ಅವರಿಂದಲೇ ಮಾಡಿಸಿ ನೋಡದೆ ಇನ್ಹೇಲರ್ ಕೊಟ್ಟು ಕಳಿಸಬೇಡಿ.

ಇನ್ನು ಕುಂದುಗಳು. ಡಬ್ಬಿ ದೊಡ್ಡದು, ಊರಿಗೆ ಹೋಗುವಾಗ ವ್ಯಾನಿಟಿ ಬ್ಯಾಗಿಗೆ ಹಿಡಿಸಲ್ಲ. ಚಿಕ್ಕ ಮಕ್ಕಳಿಗೆ ಬೇಕಾದ ಮಾಸ್ಕನ್ನು ಬೇರೆಯಾಗಿ ಕೊಳ್ಳಬೇಕು. ಜೊತೆಗೆ ಬಂದ ಕಾಗದದಲ್ಲಿ ಕನ್ನಡವೇ ಇರಲಿಲ್ಲ. ಇದು ನನಗೆ ತುಂಬಾ ಬೇಜಾರಾದ ವಿಷಯ. ಇದನ್ನು ಜಾಸ್ತಿ ಬಳಸುವವರು ದೊಡ್ಡಮ್ಮನಂಥವರೇ.

ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮೊದಲು ದಮ್ಮು ಬಂದರೆ ನೆಬ್ಯುಲೈಸೇಶನ್ (ಯಂತ್ರ ಔಷಧಿಯನ್ನು ಮಂಜು ಮಾಡಿ ಉಸಿರಿಗೆ ಕೊಡುವುದು) ಹಾಕಿಸಲು ಆಟೋದಲ್ಲಿ ಓಡುತ್ತಿದ್ದರು. ಈ ಆರು ತಿಂಗಳಲ್ಲಿ ಒಂದೇ ಸಲ ಹೋಗಿದ್ದಾರೆ. ತೀರಾ ಜೋರಾಗದ ದಮ್ಮಿಗೆ ಇನ್ಹೇಲರ್ ಮತ್ತು ಸ್ಪೇಸರ್ ನೆಬ್ಯುಲೈಸರ್‌ನಷ್ಟೇ ಕೆಲಸ ಮಾಡುತ್ತೆ. ಆದರೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಷ್ಟು ಏದುಸಿರು ಇದ್ದರೆ ಮನೆಯಲ್ಲಿ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು.

ಕನ್ನಡ ಕಾಗದ ಇಲ್ಲ ಅಂತ ನಾನೇ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಲಮಾರಿ ಬಾಗಿಲಿಗೆ ಅಂಟಿಸಿದ್ದೇನೆ: ಅಲುಗಾಡಿಸಿ. ಒಂದೇ ಸಲ ಒತ್ತಿ. ಐದು ಟಿಕ್ ಎಣಿಸಿ. ಬಾಯಿ ಮುಕ್ಕಳಿಸಿ ಉಗಿಯಿರಿ. ಕೊನೆಯದನ್ನು ಬಿಟ್ಟರೆ ಸ್ಟೀರಾಯ್ಡ್ ಬಾಯಲ್ಲೇ ಉಳಿದು ನಾಲಿಗೆ ಮೇಲೆ ಬಿಳಿ ಪದರದಂಥ ಫಂಗಸ್ ಸೋಂಕು ಬರಬಹುದು. ದೊಡ್ಡಮ್ಮ ಆ ಸಾಲಿನ ಕೆಳಗೆ ತಾವೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ.