ಹನ್ನೆರಡು ಬೋರೋ, ಪಾಯಿಂಟ್ 22 ರೈಫಲ್ಲೋ? ತೋಟಾ ಸಿಗದ ಕಾಲದ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಕೋವಿ ಇವೆ. ಅಜ್ಜನ ಕಾಲದ, ಚರೆ ಅಂದರೆ ಸಣ್ಣ ಸೀಸದ ಗುಂಡುಗಳನ್ನು ಹಾರಿಸುವ 12 ಬೋರಿನ ಜೋಡಿನಳಿಗೆ ಕೋವಿ ಒಂದು, ನಾನು ಆಸೆಪಟ್ಟು ತಂದ, ಒಂಟಿ ಗುಂಡಿನ ಪಾಯಿಂಟ್ 22 ರೈಫಲ್ ಇನ್ನೊಂದು. ಜೊತೆಗೆ ಮಗಳ ಏರ್‌ಗನ್. 2020ರಲ್ಲಿ ರೈಫಲ್ ತೋಟಾ ತಿಂಗಳುಗಟ್ಟಲೆ ಸಿಗಲಿಲ್ಲ. ಆ ವರ್ಷ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ರೈಫಲ್ ಪೆಟ್ಟಿಗೆಯಿಂದ ಹೊರಬಂದದ್ದು ಪೂಜೆಗೆ ಮಾತ್ರ. ಹಬ್ಬದ ಗುರಿಯಾಟದಲ್ಲಿ ತೆಂಗಿನಕಾಯಿಗೆ ಹೊಡೆದದ್ದೆಲ್ಲ ಅಜ್ಜನ ಕೋವಿಯಲ್ಲೇ.

ಹೊಡೆಯುವ ಖುಷಿ ಕೇಳಿದರೆ ಪಾಯಿಂಟ್ 22ಕ್ಕೇ ನನ್ನ ಓಟು. ಭುಜಕ್ಕೆ ಒದೆತವೇ ಇಲ್ಲ. ನೂರು ಗುಂಡು ಹೊಡೆದರೂ ಸುಸ್ತಾಗದು. 12 ಬೋರಿನಲ್ಲಿ ಇಪ್ಪತ್ತೈದಕ್ಕೇ ಭುಜ ನೀಲಿ.

ಆದರೆ ರೈಫಲ್ಲಿಗೆ ಮಡಿ ಜಾಸ್ತಿ. ನನ್ನದಕ್ಕೆ ಒಂದೇ ಕಂಪನಿಯ ತೋಟಾ ಒಗ್ಗುತ್ತದೆ, ಅದೂ ವಿದೇಶದ್ದು. ಅದು ಸಿಗದೆ ಬೇರೆಯದು ಹಾಕಿದರೆ ಗುಂಡು ಬೀಳುವ ಜಾಗವೇ ಬದಲು. ಮತ್ತೆ ಗುರಿ ನೋಡುವ ಸೈಟ್ ಸರಿಮಾಡಬೇಕು, ಅದಕ್ಕೇ ಹತ್ತು ಹದಿನೈದು ತೋಟಾ ಖರ್ಚು. ಕೊರತೆಯ ಕಾಲದಲ್ಲಿ ಇದು ಹೊಟ್ಟೆ ಉರಿಯುವ ಕೆಲಸ ಅಲ್ವಾ? ಇದರ ಸಿಡಿಮದ್ದು ಇರುವುದು ತೋಟಾದ ಅಂಚಿನೊಳಗೆ. ಅಲ್ಲಿ ಸರಿಯಾಗಿ ಹರಡಿರದಿದ್ದರೆ ಕುದುರೆ (ಟ್ರಿಗರ್) ಎಳೆದರೂ ಟಿಕ್ ಅಂತ ಸದ್ದಷ್ಟೇ. ಸ್ವಲ್ಪ ಹೊತ್ತು ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾದು, ತೋಟಾ ತಿರುಗಿಸಿ ಮತ್ತೆ ಹಾಕಿದರೆ ಕೆಲವು ಹೊಡೆಯುತ್ತವೆ.

12 ಬೋರಿಗೆ ಅಂಥ ಬಿಗುಮಾನ ಇಲ್ಲ. ಪುಣೆಯ ಖಡ್ಕಿಯಲ್ಲಿ ತಯಾರಾಗುವ ಶಕ್ತಿಮಾನ್ ತೋಟಾ ಇದ್ದರೆ ಅದು, ಇಲ್ಲದಿದ್ದರೆ ಅಂಗಡಿಯವರು ಕೊಟ್ಟದ್ದು. 4ನೇ ನಂಬರ್ ಚರೆ ಮುಗಿದಿದ್ದರೆ 6ನೇ ನಂಬರ್ ತಂದರಾಯಿತು. ಆದರೆ ಇಲ್ಲೊಂದು ಅಪಾಯ ಇದೆ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಜಾಗ ಸಾಮಾನ್ಯವಾಗಿ 65 ಮಿ.ಮೀ. ಈಗ ಬರುವ ತೋಟಾ ಹೆಚ್ಚಿನವು 70. ಬಾಯಿ ಮಡಚಿರುವುದರಿಂದ ಅವಸರದಲ್ಲಿ ಹಾಕಿದರೆ ಒಳಗೆ ಹೋಗಿಬಿಡುತ್ತದೆ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒಮ್ಮೆ ನಾನೇ ಹಾಗೆ ಒಂದು ಡಬ್ಬ ತಂದು ವಾಪಸ್ ಕೊಟ್ಟೆ. ಅಜ್ಜನ ಕಾಗದದ ತೋಟಾಗಳಂತೂ ನಮ್ಮ ಮಳೆಗಾಲಕ್ಕೆ ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ಪ್ಲಾಸ್ಟಿಕ್ಕಿನವಕ್ಕೆ ಆ ತೊಂದರೆ ಇಲ್ಲ.

ಗೆಳೆಯನ ದೊಡ್ಡ ರೈಫಲ್, ಪಾಯಿಂಟ್ 315 ಕೂಡ ಎರಡು ಸಲ ಹೊಡೆದು ನೋಡಿದೆ. ಭಾರ, ಸದ್ದು, ದುಬಾರಿ ತೋಟಾ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ತೆಂಗಿನಕಾಯಿಗೆ ಅಷ್ಟು ದೊಡ್ಡದು ಯಾಕೆ? ಅಮೆರಿಕದಲ್ಲಿರುವ ಭಾವ 9 ಎಂಎಂ ಪಿಸ್ತೂಲು ತಗೋ ಅನ್ನುತ್ತಿದ್ದರು. ಇಲ್ಲಿ ಅದು ಸಾಮಾನ್ಯ ಜನರಿಗೆ ನಿಷೇಧ. ಅಂದಹಾಗೆ 2020ರಲ್ಲಿ ಅವರ ಕಡೆಯೂ ಅಂಗಡಿಗಳಲ್ಲಿ 9 ಎಂಎಂ ಖಾಲಿ.

ಕೊನೆಗೆ ನನ್ನ ಲೆಕ್ಕ ನಿಂತದ್ದು ಕಾನೂನಿನ ಕಾಗದದ ಮೇಲೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯಲ್ಲಿ ರೈಫಲ್ಲಿಗೆ 100 ಗುಂಡು, ಚರೆಕೋವಿಗೆ 500 ತೋಟಾ ಇಟ್ಟುಕೊಳ್ಳಬಹುದು. ಅಂದರೆ ಸಿಕ್ಕಾಗ ತಂದಿಡೋಣ ಅಂದರೂ ರೈಫಲ್ಲಿಗೆ ಎರಡು ಡಬ್ಬದಾಚೆ ಹೋಗುವಂತಿಲ್ಲ. ಒಂದು ಒಳ್ಳೆಯ ಭಾನುವಾರಕ್ಕೆ ಅಷ್ಟೂ ಮುಗಿಯುತ್ತದೆ. ಹಾಗಾಗಿ ಒಂದೇ ಕೋವಿ ಕೊಳ್ಳುವವರು ಕೇಳಿದರೆ 12 ಬೋರ್ ಅನ್ನುತ್ತೇನೆ, ರೈಫಲ್ ಮೇಲಿನ ಪ್ರೀತಿಯನ್ನು ನುಂಗಿಕೊಂಡು.

ಅಭ್ಯಾಸಕ್ಕೆ? ಏರ್‌ಗನ್. 4.5 ಮಿ.ಮೀ. ಪೆಲೆಟ್ಟಿಗೆ ಯಾವತ್ತೂ ಪರದಾಡಿಲ್ಲ. ಉಸಿರು ಹಿಡಿಯುವುದು, ಕುದುರೆಯನ್ನು ನಿಧಾನ ಎಳೆಯುವುದು ಎಲ್ಲ ಇದರಲ್ಲೇ ಕಲಿಯಬಹುದು. ಕಣದಲ್ಲಿ ಬೆಳಿಗ್ಗೆ ಐವತ್ತು ಪೆಲೆಟ್, ಆಮೇಲೆ ರೈಫಲ್ಲಿನಲ್ಲಿ ಐದೇ ಐದು ಗುಂಡು. ಈಗ ಬೀರುವಿನಲ್ಲಿ ಪಾಯಿಂಟ್ 22 ತೋಟಾ 62 ಇವೆ. ಮಗಳು ಕೇಳಿದರೆ 40 ಅಂತಲೇ ಹೇಳುವುದು.