‘ಟ್ಯಾಂಜರೀನ್ಸ್’ ಸಿನಿಮಾ: ಒಂದೇ ಸೂರಿನಡಿ ಇಬ್ಬರು ಶತ್ರುಗಳು, ನಮ್ಮ ಮನೆಯಲ್ಲಿ ನೋಡಿದವರು ಏನಂದರು

ಈ ಸಿನಿಮಾವನ್ನು ಒಬ್ಬರೇ ಕೂತು ನೋಡಬೇಡಿ. ಮನೆಯಲ್ಲಿ ನಾಲ್ಕು ಜನ ಇರುವಾಗ ಹಾಕಿ. ಮುಗಿದ ಮೇಲೆ ಯಾರ ಜೊತೆಗಾದರೂ ಮಾತಾಡಲೇಬೇಕು ಅನ್ನಿಸುತ್ತದೆ. ನಮ್ಮ ಮನೆಯಲ್ಲಂತೂ ಸಿನಿಮಾ 87 ನಿಮಿಷಕ್ಕೆ ಮುಗಿಯಿತು, ಚರ್ಚೆ ರಾತ್ರಿ ಊಟ ಆದಮೇಲೂ ನಡೀತಿತ್ತು.

ಇದು 2013ರ ಸಿನಿಮಾ. ಎಸ್ಟೋನಿಯಾ ಮತ್ತು ಜಾರ್ಜಿಯಾ ಸೇರಿ ಮಾಡಿದ್ದು, ನಿರ್ದೇಶಕ ಜಾಜಾ ಉರುಶಾಡ್ಜೆ. ಕತೆಗೆ ಹೋಗುವ ಮುಂಚೆ ಸ್ವಲ್ಪ ಹಿನ್ನೆಲೆ ಬೇಕು, ಇಲ್ಲದಿದ್ದರೆ ಯಾರು ಯಾರ ಮೇಲೆ ಗುಂಡು ಹಾರಿಸ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋಯಿತು, ಅದರಲ್ಲಿದ್ದ ಜಾರ್ಜಿಯಾ, ಎಸ್ಟೋನಿಯಾ ಬೇರೆ ಬೇರೆ ದೇಶಗಳಾದವು. ಕಪ್ಪು ಸಮುದ್ರದ ದಡದ ಅಬ್ಖಾಜಿಯಾ ಜಾರ್ಜಿಯಾದಿಂದ ಬೇರೆಯಾಗಲು ಹೊರಟಿತು. 1992ರ ಆಗಸ್ಟ್‌ನಲ್ಲಿ ಶುರುವಾದ ಯುದ್ಧ 1993ರ ಸೆಪ್ಟೆಂಬರ್‌ವರೆಗೆ ನಡೆಯಿತು. ಅಬ್ಖಾಜರ ಪರವಾಗಿ ಹೋರಾಡಲು ಕಾಕಸಸ್ ಬೆಟ್ಟಗಳ ಆಚೆಯ ಚೆಚೆನ್ಯಾದಿಂದಲೂ ಜನ ಬಂದರು. ಕೊನೆಗೆ ಎರಡು ಲಕ್ಷಕ್ಕೂ ಜಾಸ್ತಿ ಜಾರ್ಜಿಯನ್ನರು ಮನೆಮಠ ಬಿಟ್ಟು ಓಡಬೇಕಾಯಿತು. ಇದರ ಮಧ್ಯೆ ಎಸ್ಟೋನಿಯಾದವರು ಎಲ್ಲಿಂದ ಬಂದರು ಅಂದರೆ, 19ನೇ ಶತಮಾನದಲ್ಲಿ, ರಷ್ಯಾದ ಜಾರ್ ದೊರೆಗಳ ಕಾಲದಲ್ಲಿ, ಅಲ್ಲಿಗೆ ಹೋಗಿ ಬೇಸಾಯ ಮಾಡಿಕೊಂಡು ಊರು ಕಟ್ಟಿದವರ ಮಕ್ಕಳು ಮೊಮ್ಮಕ್ಕಳು ಅವರು.

ಸಿನಿಮಾದಲ್ಲಿ ಅಂಥ ಒಂದು ಊರು ಖಾಲಿಯಾಗಿದೆ. ಎಲ್ಲರೂ ಎಸ್ಟೋನಿಯಾಕ್ಕೆ ಹೋಗಿದ್ದಾರೆ. ಉಳಿದಿರುವುದು ಮುದುಕ ಇವೊ, ಅವನ ಪಕ್ಕದ ಮನೆಯ ಮಾರ್ಗುಸ್, ಒಬ್ಬ ಡಾಕ್ಟರ್. ಮಾರ್ಗುಸ್‌ನ ತೋಟದಲ್ಲಿ ಟ್ಯಾಂಜರೀನ್ ಮಾಗಿ ನಿಂತಿದೆ, ಕಿತ್ತಳೆ ಜಾತಿಯದೇ ಹಣ್ಣು, ಸಿನಿಮಾದ ಹೆಸರೂ ಅದೇ. ಅದನ್ನು ಕೊಯ್ದು ತುಂಬಲು ಇವೊ ಮರದ ಪೆಟ್ಟಿಗೆ ಮಾಡುತ್ತಿದ್ದಾನೆ. ಮನೆ ಮುಂದೆಯೇ ಗುಂಡಿನ ಚಕಮಕಿ ಆಗುತ್ತದೆ. ಬದುಕಿ ಉಳಿಯುವವರು ಇಬ್ಬರೇ. ಒಬ್ಬ ಅಹ್ಮದ್, ಚೆಚೆನ್. ಇನ್ನೊಬ್ಬ ನಿಕೊ, ಜಾರ್ಜಿಯನ್. ಇಬ್ಬರನ್ನೂ ಇವೊ ತನ್ನ ಮನೆಯೊಳಗೇ ತಂದು ಮಲಗಿಸುತ್ತಾನೆ. ಅಹ್ಮದ್‌ನ ಗೆಳೆಯ ಆ ಗುಂಡಿಗೇ ಸತ್ತಿದ್ದಾನೆ, ಅದಕ್ಕೆ ನಿಕೊನನ್ನು ಕೊಂದೇ ತೀರುತ್ತೇನೆ ಅಂತ ಅವನ ಹಟ.

ಇಲ್ಲಿಂದ ಮುಂದಿನ ಕತೆ ಹೇಳುವುದಿಲ್ಲ, ನೋಡಿ.

ಇದನ್ನು ಬಹಳ ಜನ ‘ದ್ವೇಷವನ್ನು ಪ್ರೀತಿ ಗೆದ್ದ ಕತೆ’ ಅಂತ ಹೊಗಳುತ್ತಾರೆ. ನನಗೆ ಹಾಗೆ ಕಾಣಲೇ ಇಲ್ಲ. ಇವೊ ಯಾರಿಗೂ ಪ್ರೀತಿಸಿ ಅಂತ ಹೇಳುವುದಿಲ್ಲ, ಬುದ್ಧಿಮಾತಿನ ಗೋಜಿಗೂ ಹೋಗುವುದಿಲ್ಲ. ಅವನು ಕೇಳುವುದು ಒಂದೇ ಮಾತು, ಈ ಮನೆಯೊಳಗೆ ಕೊಲೆ ಆಗಕೂಡದು. ಅಹ್ಮದ್ ಮಾತು ಕೊಡುತ್ತಾನೆ. ಕೊಟ್ಟ ಮಾತು ಅವನಿಗೆ ದೊಡ್ಡದು. ದ್ವೇಷ ಹಾಗೇ ಇರುತ್ತದೆ, ಬೈಗುಳ ಹಾಗೇ ಇರುತ್ತದೆ, ಇದು ಯಾರ ನೆಲ ಅನ್ನುವ ಜಗಳ ಊಟದ ಮೇಜಿನ ಮೇಲೂ ನಡೆಯುತ್ತದೆ. ಕೈ ಮಾತ್ರ ಏಳುವುದಿಲ್ಲ. ಹಾಗೆ ತಡೆದು ಹಿಡಿದ ಆ ಕೆಲವು ದಿನಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಲೇಬೇಕಾಗುತ್ತದೆ, ಅಷ್ಟೇ. ಸಿನಿಮಾದ ಶಕ್ತಿ ಇರುವುದು ಅಲ್ಲೇ.

ನಮ್ಮ ಮನೆಯಲ್ಲಿ ಇದನ್ನು ಮೊದಲು ಹಿಡಿದದ್ದು ಅಮ್ಮ. ಅವರಿಗೆ ಅಬ್ಖಾಜಿಯಾ ಎಲ್ಲಿದೆ ಅಂತ ಗೊತ್ತಿಲ್ಲ, ಸಬ್‌ಟೈಟಲ್ ಓದುತ್ತಾ ನಾನೇ ಕನ್ನಡದಲ್ಲಿ ಹೇಳ್ತಾ ಹೋದೆ. ಅರ್ಧ ಸಿನಿಮಾ ಆಗುವಷ್ಟರಲ್ಲಿ ಹೇಳುವುದು ಬೇಡ ಅಂದುಬಿಟ್ಟರು. ‘ಉಂಡ ಮನೆಗೆ ಎರಡು ಬಗೆಯೋದುಂಟಾ, ಅವನು ಕೊಲ್ಲಲ್ಲ ಬಿಡು’ ಅಂದರು. ಅಷ್ಟು ಖಚಿತವಾಗಿ!

ಕಾಲೇಜಿಗೆ ಹೋಗುವ ಅಕ್ಕನ ಮಗ ಒಪ್ಪಲಿಲ್ಲ. ನಾಲ್ಕು ದಿನ ಒಂದೇ ಮನೆಯಲ್ಲಿ ಟೀ ಕುಡಿದ ಮಾತ್ರಕ್ಕೆ ಗೆಳೆಯನನ್ನು ಕೊಂದವರನ್ನು ಬಿಡೋಕಾಗುತ್ತಾ, ಇದೆಲ್ಲ ಸಿನಿಮಾದಲ್ಲಿ ಮಾತ್ರ ಅಂದ. ಅವನ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಉತ್ತರ ಕೊಟ್ಟವರು ಸೈನ್ಯದಲ್ಲಿದ್ದು ನಿವೃತ್ತರಾದ ಪಕ್ಕದ ಮನೆಯ ಅಂಕಲ್. ಗಾಯಗೊಂಡ ಶತ್ರು ಸಿಕ್ಕಿದರೆ ಚಿಕಿತ್ಸೆ ಕೊಡಲೇಬೇಕು, 1949ರ ಜಿನೀವಾ ಒಪ್ಪಂದ ಅದನ್ನೇ ಹೇಳುತ್ತದೆ, ಅದೇನೂ ಸಿನಿಮಾದವರು ಹುಟ್ಟಿಸಿದ್ದಲ್ಲ ಅಂದರು. ‘ನಿಯಮ ಪಾಲಿಸೋದು ಸುಲಭ ಕಣೋ, ಗೆಳೆಯನನ್ನ ಕಳಕೊಂಡವನು ಪಕ್ಕದ ರೂಮಲ್ಲೇ ಮಲಗಿರುವಾಗ ಪಾಲಿಸೋದು ಕಷ್ಟ’ ಅಂತ ಸೇರಿಸಿದರು. ಹುಡುಗ ಆಮೇಲೆ ವಾದ ಮಾಡಲಿಲ್ಲ, ಆದರೆ ಪೂರ್ತಿ ಒಪ್ಪಿದ ಹಾಗೂ ಕಾಣಲಿಲ್ಲ.

ಎಲ್ಲರೂ ಒಟ್ಟಿಗೆ ನಕ್ಕ ದೃಶ್ಯ ಒಂದಿದೆ. ಇವೊ, ಮಾರ್ಗುಸ್, ಡಾಕ್ಟರ್ ಮೂವರೂ ಸೇರಿ ಸೈನಿಕರ ಗಾಡಿಯನ್ನು ಇಳಿಜಾರಿಗೆ ತಳ್ಳುತ್ತಾರೆ. ಡಾಕ್ಟರ್ ಅದು ಸ್ಫೋಟವಾಗುತ್ತದೆ ಅಂತ ಕಾಯುತ್ತಾನೆ, ಸಿನಿಮಾಗಳಲ್ಲಿ ಹಾಗೇ ಆಗುತ್ತದಲ್ಲ. ಏನೂ ಆಗುವುದಿಲ್ಲ. ಇಡೀ ಸಿನಿಮಾ ಇದೇ ಧಾಟಿಯದ್ದು, ಸದ್ದು ಕಡಿಮೆ.

ಇವೊ ಆಗಿರುವ ಲೆಂಬಿಟ್ ಉಲ್ಫ್‌ಸಾಕ್ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಎಸ್ಟೋನಿಯಾದ ಹಿರಿಯ ನಟ, 2017ರಲ್ಲಿ ತೀರಿಕೊಂಡರು. ಎಷ್ಟು ಕಡಿಮೆ ಮಾತಾಡುತ್ತಾರೆ ನೋಡಿ, ಆದರೂ ಅವರು ಎದ್ದು ನಿಂತರೆ ಬಂದೂಕು ಹಿಡಿದವರೂ ಒಂದು ಕ್ಷಣ ತಡೆಯುತ್ತಾರೆ, ಅದನ್ನು ನಾವು ನಂಬುತ್ತೇವೆ. ಅಹ್ಮದ್ ಪಾತ್ರ ಮಾಡಿದ ಗಿಯೋರ್ಗಿ ನಕಾಶಿಡ್ಜೆ ಸ್ವತಃ ಜಾರ್ಜಿಯನ್. ಇದು ಆಮೇಲೆ ಗೊತ್ತಾಗಿ ನನಗೆ ಮೈ ಜುಂ ಅಂದಿತು. ನಿಯಾಜ್ ದಿಯಾಸಮಿಡ್ಜೆಯವರ ತಂತಿವಾದ್ಯದ ಸಂಗೀತ ಎರಡು ದಿನ ಕಿವಿಯಲ್ಲೇ ಇತ್ತು.

ಕೊರತೆ ಇಲ್ಲವೇ? ಇದೆ. ಹೆಂಗಸರೇ ಇಲ್ಲ, ಇವೊನ ಮೊಮ್ಮಗಳ ಫೋಟೊ ಒಂದನ್ನು ಬಿಟ್ಟರೆ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಅಬ್ಖಾಜಿಯಾದಲ್ಲಿ ನಡೆಯುವ ಕತೆಯಲ್ಲಿ ಅಬ್ಖಾಜರೇ ಹೀಗೆ ಬಂದು ಹಾಗೆ ಹೋಗುತ್ತಾರೆ. 1989ರ ಜನಗಣತಿ ಪ್ರಕಾರ ತಮ್ಮದೇ ನಾಡಿನಲ್ಲಿ ಅವರು ಸುಮಾರು ಶೇ 18, ಜಾರ್ಜಿಯನ್ನರು ಶೇ 46ರ ಹತ್ತಿರ. ಆ ಭಯ, ಆ ಸಿಟ್ಟು ಎಲ್ಲಿಂದ ಬಂತು ಅಂತ ಅವರ ಬಾಯಲ್ಲೇ ಒಂದು ಮಾತು ಕೇಳಿಸಬೇಕಿತ್ತು. ಮನೆಯೊಳಗೆ ಮೂರನೆಯ ಮಂಚ ಹಾಕಿ ಒಬ್ಬ ಅಬ್ಖಾಜನನ್ನೂ ಮಲಗಿಸಿದ್ದರೆ ಇವೊನ ಕೆಲಸ ಇನ್ನೂ ಕಷ್ಟವಾಗುತ್ತಿತ್ತು, ಸಿನಿಮಾ ಇನ್ನೂ ದೊಡ್ಡದಾಗುತ್ತಿತ್ತು.

ಆದರೂ ಜನ ಇದನ್ನು ಮೊದಲಿಂದಲೂ ಕೈಹಿಡಿದಿದ್ದಾರೆ. 2013ರ ವಾರ್ಸಾ ಚಿತ್ರೋತ್ಸವದಲ್ಲಿ ಪ್ರೇಕ್ಷಕರು ಆರಿಸುವ ಪ್ರಶಸ್ತಿ ಇದಕ್ಕೇ ಬಂತು. ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೆ ನಾಮನಿರ್ದೇಶನ ಪಡೆದ ಎಸ್ಟೋನಿಯಾದ ಮೊದಲ ಸಿನಿಮಾ ಇದೇ. 2015ರಲ್ಲಿ ಆ ಪ್ರಶಸ್ತಿ ಪೋಲೆಂಡಿನ ‘ಇಡಾ’ಕ್ಕೆ ಹೋಯಿತು.

ಚಿಕ್ಕ ಮಕ್ಕಳಿಗೆ ಬೇಡ, ಕೊನೆಯ ಭಾಗ ಭಾರವಾಗಿದೆ. ಹೈಸ್ಕೂಲ್ ಮಕ್ಕಳಿದ್ದರೆ ಖಂಡಿತ ಜೊತೆಗೆ ಕೂರಿಸಿಕೊಳ್ಳಿ. ಶುರು ಮಾಡುವ ಮುಂಚೆ ಮ್ಯಾಪ್ ತೆಗೆದು ಅಬ್ಖಾಜಿಯಾ, ಚೆಚೆನ್ಯಾ, ಎಸ್ಟೋನಿಯಾ ಮೂರನ್ನೂ ತೋರಿಸಿಬಿಡಿ, ಮಧ್ಯೆ ಮಧ್ಯೆ ನಿಲ್ಲಿಸುವುದು ತಪ್ಪುತ್ತದೆ.