ಒರಿಗಾಮಿ ಫೋಟೊಗೆ ನಿಕಾನ್ ಡಿ5600 ಮತ್ತು 40 ಎಂಎಂ ಮೈಕ್ರೊ: ಕಾರವಾರದ ಕೆಲವು ಮಳೆಗಾಲ ದಾಟಿದ ಮೇಲೆ

ಒರಿಗಾಮಿಗೆ, ಅಂದರೆ ಕಾಗದ ಮಡಚಿ ಆಕೃತಿ ಮಾಡುವ ಕಲೆಯ ಫೋಟೊಗೆ, ಮ್ಯಾಕ್ರೊ ಲೆನ್ಸ್ (ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ, ಅವರು ಎಷ್ಟು ದೊಡ್ಡ ಕಾಗದ ಮಡಚುತ್ತಾರೆ ಅಂತ ಮೊದಲು ಕೇಳಿ. 15 ಸೆಂಟಿಮೀಟರ್ ಕಾಗದದ ಕೊಕ್ಕರೆ ಫ್ರೇಮ್ ತುಂಬಾ ಬಂದರೂ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳುವ ಚಿತ್ರ ಅದರ ನಿಜ ಗಾತ್ರದ ಐದನೇ ಒಂದು ಪಾಲು, ಅಷ್ಟೇ. ನನ್ನ ಕ್ಯಾಮೆರಾ ನಿಕಾನ್ ಡಿ5600. ಅದರ ಜೊತೆ ಬಂದ 18-55 ಎಎಫ್-ಪಿ ಕಿಟ್ ಲೆನ್ಸೇ 0.38 ಪಟ್ಟಿನವರೆಗೆ ಹೋಗುತ್ತದೆ. ಅಂದರೆ ಸುಮಾರು ಆರು ಸೆಂಟಿಮೀಟರ್ ಅಗಲದ ಮಾಡೆಲ್ (ಮಡಚಿದ ಆಕೃತಿ) ಫ್ರೇಮಿನ ಈ ತುದಿಯಿಂದ ಆ ತುದಿಗೆ ಬರುತ್ತದೆ. ಹೆಚ್ಚಿನವರಿಗೆ ಇದು ಸಾಕು. ಉಳಿದ ದುಡ್ಡಲ್ಲಿ ಗಟ್ಟಿ ಟ್ರೈಪಾಡ್ ತಗೊಳ್ಳಿ.

ನಾನು 40 ಎಂಎಂ ಮೈಕ್ರೊ (ನಿಕಾನ್ ತನ್ನ ಮ್ಯಾಕ್ರೊ ಲೆನ್ಸ್‌ಗಳನ್ನು ಕರೆಯುವುದೇ ಹೀಗೆ) ತಗೊಂಡಿದ್ದು ಪುಟಾಣಿ ಮಾಡೆಲ್‌ಗಳ ಹುಚ್ಚಿಗೆ. ಮೂರು ಸೆಂಟಿಮೀಟರ್ ಕಾಗದದ ಕೊಕ್ಕರೆಗೆ ಕಿಟ್ ಲೆನ್ಸ್ ಸಾಲದು. 2011ರಲ್ಲಿ ಬಂದ ಲೆನ್ಸ್ ಇದು, ತೂಕ 235 ಗ್ರಾಂ, ಒಂದಕ್ಕೆ ಒಂದು ಗಾತ್ರ ಕೊಡುತ್ತದೆ, ಅಂದರೆ ಸೆನ್ಸರ್ ಮೇಲೆ ಚಿತ್ರ ನಿಜ ಗಾತ್ರದಲ್ಲೇ ಬೀಳುತ್ತದೆ. ಮಡಿಕೆಯ ಗೆರೆ, ಕಾಗದದ ನಾರು ಎಲ್ಲಾ ಎಣಿಸುವ ಹಾಗೆ ಬರುತ್ತದೆ. ತಕರಾರು ಒಂದೇ, ಆದರೆ ಅದು ದೊಡ್ಡದು. ಪೂರ್ತಿ ಹತ್ತಿರ ಹೋದರೆ ಲೆನ್ಸಿನ ಮೂತಿಗೂ ಮಾಡೆಲ್‌ಗೂ ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಜಾಗವಷ್ಟೇ ಉಳಿಯುತ್ತದೆ. ಕ್ಯಾಮೆರಾದ ನೆರಳು ಕೊಕ್ಕರೆಯ ಮೇಲೇ ಬೀಳುತ್ತದೆ, ಇನ್ನು ಬೆಳಕು ಎಲ್ಲಿಂದ ಬರಬೇಕು? ಇನ್ನೂ ಚಿಕ್ಕದು ಮಡಚುವವರಾದರೆ 85 ಎಂಎಂ ಮೈಕ್ರೊ ನೋಡಿ. ಬೆಲೆ ಜಾಸ್ತಿ, ಆದರೆ ದೂರದಿಂದಲೇ ಕೆಲಸ ಆಗುತ್ತದೆ.

ಮೊಬೈಲ್ ಸಾಲದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ತೋರಿಸೋಕೆ ಸಾಕು. ಆದರೆ ಮೊಬೈಲಿನ ಮುಖ್ಯ ಲೆನ್ಸ್ ವೈಡ್, ಹತ್ತಿರ ಹಿಡಿದರೆ ಮುಂದಿನ ಕೊಕ್ಕು ಉದ್ದವಾಗಿ ಹಿಂದಿನ ಬಾಲ ಕುಗ್ಗುತ್ತದೆ. ಅಳತೆ ನೋಡಿ ನೋಡಿ ಮಡಚಿದವರಿಗೆ ಇದು ಹೊಟ್ಟೆ ಉರಿಸುವ ವಿಷಯ, ಅಲ್ವಾ?

ನಿಜವಾದ ತಲೆನೋವು ಫೋಕಸ್ಸಿನ ಆಳ, ಅಂದರೆ ಮುಂದಿನಿಂದ ಹಿಂದಕ್ಕೆ ಎಷ್ಟು ಭಾಗ ಚೂಪಾಗಿ ಬರುತ್ತದೆ ಅನ್ನುವುದು. ಲೆನ್ಸಿನ ಕಂಡಿ ಕಿರಿದು ಮಾಡಿ ಎಫ್11ಕ್ಕೆ ಇಟ್ಟರೂ ದೊಡ್ಡ ಕೊಕ್ಕರೆಯಲ್ಲಿ ಒಂದು, ಒಂದೂಕಾಲು ಸೆಂಟಿಮೀಟರ್ ಮಾತ್ರ ಚೂಪಾಗಿ ಸಿಗುತ್ತದೆ. ಇನ್ನೂ ಕಿರಿದು ಮಾಡಿ ಎಫ್22ಕ್ಕೆ ಹೋದರೆ ಆಳ ಸಿಗುತ್ತದೆ, ಆದರೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹಾಗಾಗಿ ಮಾಡೆಲನ್ನು ಸೆನ್ಸರ್‌ಗೆ ಸಮಾನಾಂತರವಾಗಿ, ಪಕ್ಕದಿಂದ ಕಾಣುವ ಹಾಗೆ ಇಡುವುದು ಸುಲಭದ ದಾರಿ. ಏಡಿಗೆ ಇದು ನಡೆಯುವುದಿಲ್ಲ, ಕಾಲು ನಾಲ್ಕೂ ದಿಕ್ಕಿಗೆ ಚಾಚಿರುತ್ತವೆ. ಆಗ ಫೋಕಸ್ ರಿಂಗ್ ಚೂರು ಚೂರೇ ತಿರುಗಿಸುತ್ತಾ ಹಲವು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಸೇರಿಸಬೇಕು. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಡಿ5600ರಲ್ಲಿ ಆ ಸೌಲಭ್ಯ ಇಲ್ಲ, ಎಲ್ಲಾ ಕೈಯಲ್ಲೇ. ಸೇರಿಸೋಕೆ ಹಗಿನ್ ಅನ್ನುವ ಸಾಫ್ಟ್‌ವೇರ್ ಜೊತೆ ಬರುವ ಎನ್‌ಫ್ಯೂಸ್ ಇದೆ, ಪುಕ್ಕಟೆ. ಇಷ್ಟೆಲ್ಲಾ ಬೇಡ ಅನ್ನುವವರು ಒಲಿಂಪಸ್ ಟಿಜಿ-6 ಕ್ಯಾಮೆರಾ ನೋಡಬಹುದು. ಸ್ಟ್ಯಾಕಿಂಗ್ ಕ್ಯಾಮೆರಾದಲ್ಲೇ ಆಗುತ್ತದೆ, ಸೆನ್ಸರ್ ಮಾತ್ರ ಪುಟ್ಟದು.

ಬೆಳಕು ಒಂದೇ ಕಡೆಯಿಂದ, ತಗ್ಗಿನಲ್ಲಿ ಬರಲಿ, ಆಗ ಮಡಿಕೆಗಳು ಎದ್ದು ಕಾಣುತ್ತವೆ. ನನಗೆ ಕಿಟಕಿಯೇ ಸಾಕು. ಬಿಳಿ ಕಾಗದವನ್ನು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಬೂದು ಮಾಡಿಬಿಡುತ್ತದೆ, ಎಕ್ಸ್‌ಪೋಶರ್ ಪ್ಲಸ್ ಒಂದಕ್ಕೆ ಏರಿಸಿ. ಶಿರಸಿಯ ತವರುಮನೆಯಲ್ಲಿ ಅಡಿಕೆ ತೋಟದ ಕಡೆಯ ಕಿಟಕಿಯಲ್ಲಿ ತೆಗೆದರೆ ಬಿಳಿ ಕೊಕ್ಕರೆ ಹಸಿರು ಛಾಯೆಗೆ ತಿರುಗುತ್ತದೆ. ಅಲ್ಲಿ ಬಿಳಿ ಹಾಳೆ ತೋರಿಸಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಬರುವ ಹಾಗೆ ಬಣ್ಣದ ಹೊಂದಾಣಿಕೆ) ಕೈಯಾರೆ ಇಡುವುದೇ ಒಳ್ಳೆಯದು.

ಜುಲೈಯಲ್ಲಿ ಕಾರವಾರದ ಕಿಟಕಿ ಬೆಳಕಿಗೆ ಶಟರ್ ತೆರೆದಿರುವ ಹೊತ್ತು ಒಂದು ಸೆಕೆಂಡ್ ದಾಟುತ್ತದೆ. ಎರಡು ಸೆಕೆಂಡ್ ಟೈಮರ್ ಹಾಕಿ, ಫ್ಯಾನ್ ಬಂದ್ ಮಾಡಿ, ಸುಮ್ನೆ ಬೆವರುತ್ತಾ ನಿಲ್ಲಬೇಕು. ಫ್ಯಾನ್ ತಿರುಗಿದರೆ ರೆಕ್ಕೆ ಅಲುಗುತ್ತದೆ. ಜಪಾನಿನ ಒರಿಗಾಮಿ ಗುರು ಅಕಿರಾ ಯೋಶಿಜಾವಾ ಅವರು ಕಾಗದ ಒದ್ದೆ ಮಾಡಿ ಮಡಚುವ ವಿಧಾನವನ್ನೇ ಹುಟ್ಟುಹಾಕಿದರು. ಇಲ್ಲಿ ಆ ಕೆಲಸ ಹವೆಯೇ ಮಾಡುತ್ತದೆ, ಕೇಳದೆಯೇ. ಬೆಳಿಗ್ಗೆ ಮಡಚಿಟ್ಟದ್ದು ಸಂಜೆಗೆ ಬಾಯಿ ಬಿಟ್ಟುಕೊಂಡಿರುತ್ತದೆ, ಹಾಗಾಗಿ ಮಡಚಿದ ಕೂಡಲೇ ಫೋಟೊ ತೆಗೆಯಿರಿ.

ಇದೇ ಹವೆ ಲೆನ್ಸಿಗೂ ಶತ್ರು. ಡಿ5600 ಮಳೆ ಹವೆಗೆ ಸೀಲ್ ಮಾಡಿದ ಕ್ಯಾಮೆರಾ ಅಲ್ಲ. ಬಟ್ಟೆಯ ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಲೆನ್ಸಿನೊಳಗೆ ಬೂಸ್ಟು ಬರುವ ಸಾಧ್ಯತೆ ಜಾಸ್ತಿ. ನನ್ನದು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ ಇರುತ್ತದೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿತು ಅಂದರೆ ಬದಲಾಯಿಸುತ್ತೇನೆ. ಇಷ್ಟು ಮಾಡಿದ್ದಕ್ಕೇ ಲೆನ್ಸ್ ಈಗಲೂ ಶುಭ್ರವಾಗಿದೆ.

ಬಾಡಿಯ ಬಗ್ಗೆ ಹೇಳುವುದು ಕಮ್ಮಿ. 24.2 ಮೆಗಾಪಿಕ್ಸೆಲ್ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ತಿರುಗಿಸುವ ಸ್ಕ್ರೀನ್ ಮಾತ್ರ ಬಿಡಲಾರೆ, ಮೇಜಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿದಾಗ ಕುತ್ತಿಗೆ ನೋಯುವುದಿಲ್ಲ. 2016ರ ಮಾಡೆಲ್ ಆದ್ದರಿಂದ ಈಗ ಸೆಕೆಂಡ್ ಹ್ಯಾಂಡ್ ಹುಡುಕುವುದೇ ವಾಸಿ. ಲೆನ್ಸ್ ತಗೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಗೆರೆ ಇದೆಯಾ ನೋಡಿ. ಮಾರುವವರು ನಮ್ಮ ಕರಾವಳಿಯವರೇ ಆದರೆ ಇನ್ನೊಂದು ಸಲ ನೋಡಿ.